ಸೀಮೆಸುಣ್ಣದ ಗುರುತು

ನಂಜುಂಡಯ್ಯನವರ ಅಂಗಿಯ ಜೇಬು ಯಾವಾಗಲೂ ಸೀಮೆಸುಣ್ಣದ ಪುಡಿಯಿಂದ ಬೆಳ್ಳಗಿರುತ್ತಿತ್ತು. ಚಾಮರಾಜಪೇಟೆಯ ದರ್ಶಿನಿಯಲ್ಲಿ ಕಾಫಿ ಕೊಡುವವನು ಅವರನ್ನು 'ಮೇಷ್ಟ್ರೇ' ಎಂದೇ ಕರೆಯುತ್ತಿದ್ದ. ಇವರು ತಿದ್ದುತ್ತಿರಲಿಲ್ಲ. ಅವರ ಕೆಲಸ ಬೇರೆ: ಸುಟ್ಟ ಮನೆಗಳನ್ನು ನೋಡಿ ವಿಮೆಯವರಿಗೆ ವರದಿ ಬರೆಯುವ ಸರ್ವೇಯರ್.

ನಾನು ಭೂಗೋಳದಲ್ಲಿ ಎಂ.ಎಸ್ಸಿ. ಮುಗಿಸಿ ಎರಡು ಬೇಸಿಗೆ ಅವರ ಜೊತೆ ಓಡಾಡಿದೆ. ಕನಕಪುರ ರಸ್ತೆಯಾಚೆ ಕಾಡಿಗೆ ಅಂಟಿಕೊಂಡೇ ಬಡಾವಣೆಗಳೆದ್ದ ಕಾಲ. "ಕಾಡು ಎಲ್ಲಿ ಮುಗೀತು, ಮನೆ ಎಲ್ಲಿ ಶುರುವಾಯ್ತು ಅಂತ ಬೆಂಕಿಗೆ ಯಾರು ಹೇಳ್ಬೇಕ್ರೀ?" ಎನ್ನುತ್ತಿದ್ದರು. ನಾನು ಉಪಗ್ರಹದ ಚಿತ್ರ ತೋರಿಸಿದರೆ, "ಮೇಲಿಂದ ದೇವರು ನೋಡ್ಕೊಳ್ಲಿ. ನೀವು ಬಗ್ಗಿ ನೋಡಿ."

ಬಗ್ಗಿ ನೋಡಬೇಕಾದದ್ದು ಕಲ್ಲುಗಳನ್ನು. ಬೆಂಕಿ ಬಂದ ಕಡೆಯ ಮುಖವೇ ಹೆಚ್ಚು ಕಪ್ಪಾಗುತ್ತದೆ. ಹಾಗಾಗಿ ಕಲ್ಲನ್ನು ಮುಟ್ಟುವ ಮೊದಲು ಅದರ ಮೇಲೆ ಉತ್ತರ ದಿಕ್ಕಿಗೆ ಬಾಣ ಬರೆಯಬೇಕು. "ಮೊದಲು ಗುರುತು, ಆಮೇಲೆ ಕೈ."

ಅವರ ಕೋಣೆಯಲ್ಲೂ ಅದೇ ಚಾಳಿ. ಇದ್ದದ್ದು ಅವರೊಬ್ಬರೇ. ಆದರೂ ಇನ್ನೊಂದು ಕುರ್ಚಿ, ಅದರ ನಾಲ್ಕೂ ಕಾಲುಗಳ ಸುತ್ತ ನೆಲದ ಮೇಲೆ ಬಿಳಿ ವೃತ್ತ.

"ಇಲ್ಲಿ ಯಾರು ಸರಿಸ್ತಾರೆ ಸಾರ್?"

"ಯಾರಾದ್ರೂ ಬಂದುಹೋದ್ರೆ ಗೊತ್ತಾಗ್ಲಿ ಅಂತ."

ನಕ್ಕೆ. ಅವರೂ ನಕ್ಕರು ಎಂದು ನೆನಪು.

ಎರಡನೆಯ ಬೇಸಿಗೆಯಲ್ಲಿ ಒಂದು ಬಡಾವಣೆಯ ಕೊನೆಯ ಸಾಲಿನ ಮನೆಗಳು ಸುಟ್ಟವು. ಕಾಡಂಚಿನ ಶೀಟು ಮನೆಯಲ್ಲಿದ್ದ ಕಾವಲಿನ ಜಯಮ್ಮ ಗುಂಡಿಯಲ್ಲಿ ತರಗೆಲೆಗೆ ಹಚ್ಚಿದ ಬೆಂಕಿಯೇ ಹಬ್ಬಿತು ಎಂದು ಮನೆ ಮಾಲೀಕರ ದೂರು. "ನಾನು ಹಚ್ಚಿಲ್ಲ ಸ್ವಾಮಿ. ಕಾಡಿಂದ ಬಂತು. ನನ್ ಮನೇನೂ ಹೋಯ್ತಲ್ಲ" ಎಂದು ಅವಳು ನಮ್ಮ ಹಿಂದೆಯೇ ನಡೆದಳು. ಬೆಂಕಿ ಆರಿಸುವವರ ಗಾಡಿ ಓಡಾಡಿ ನೆಲವೆಲ್ಲ ಕಲಸಿಹೋಗಿತ್ತು. ತರಗೆಲೆ ಗುಂಡಿಗೂ ಕಾಡಿಗೂ ನಡುವೆ ಅಲುಗದೆ ಉಳಿದಿದ್ದದ್ದು ಒಂದೇ ಕಲ್ಲು. ಬಿಸಿಲಿಗೆ ಲ್ಯಾಪ್‌ಟಾಪ್ ಪರದೆ ಕಾಣುತ್ತಿರಲಿಲ್ಲ. ಅದನ್ನು ನೆರಳಿನತ್ತ ವಾಲಿಸಿಡಲು ಆಸರೆ ಬೇಕೆಂದು ನಾನು ಆ ಕಲ್ಲನ್ನೇ ಎತ್ತಿಕೊಂಡು ಬಂದೆ.

ನಂಜುಂಡಯ್ಯ ಬೈಯಲಿಲ್ಲ. "ಕಪ್ಪು ಮುಖ ಯಾವ ಕಡೆಗಿತ್ತು?"

"ಕಾಡಿನ ಕಡೆಗೆ ಸಾರ್."

"ನೋಡಿದ್ರಾ? ಇಲ್ಲ, ಹಾಗಿರ್ಬೇಕು ಅಂತ ಅನಿಸ್ತಿದ್ಯಾ?"

ಜಯಮ್ಮ ನನ್ನ ಬಾಯನ್ನೇ ನೋಡುತ್ತಿದ್ದಳು. ನೋಡಿದೆ ಎಂದಿದ್ದರೆ ಮುಗಿಯುತ್ತಿತ್ತು. ನನ್ನಿಂದಾಗಲಿಲ್ಲ.

ಬೆಂಕಿ ಬಂದ ದಿಕ್ಕು ತಿಳಿಯಲಿಲ್ಲ, ಕಲ್ಲನ್ನು ಸರಿಸಿದ ತಪ್ಪು ತಮ್ಮದೇ ಎಂದು ಅವರು ವರದಿಯಲ್ಲಿ ಬರೆದರು. ತಿಂಗಳೊಳಗೆ ಬಡಾವಣೆಯವರು ಜಯಮ್ಮನನ್ನು ಅಲ್ಲಿಂದ ಕಳಿಸಿಬಿಟ್ಟರು. ಎಲ್ಲಿಗೆ ಹೋದಳೋ, ನಾವಿಬ್ಬರೂ ವಿಚಾರಿಸಿದೆವು, ಸಿಗಲಿಲ್ಲ. ಆಮೇಲೆ ಆ ಅಳುಕಿನಲ್ಲೇ ನಾನು ನಂಜುಂಡಯ್ಯನವರ ಬಳಿ ಹೋಗುವುದನ್ನೂ ಬಿಟ್ಟೆ.

ಹೋದ ವರ್ಷ ಅವರಿಗೆ ಹುಷಾರಿಲ್ಲವೆಂದು ತಿಳಿದು ಹೋದೆ. ಬಾಗಿಲು ಓರೆಯಾಗಿತ್ತು. ಗಾಢ ನಿದ್ದೆಯಲ್ಲಿದ್ದರು. ಕಿಟಕಿಯಲ್ಲಿ ಆ ಕಲ್ಲಿತ್ತು, ಬಾಣವಿಲ್ಲದೆ. ಒಂದು ಗಂಟೆ ಕೂತೆ. ಎಬ್ಬಿಸಿ ಏನು ಹೇಳಲಿ? ಹೊರಡುವಾಗ ಕುರ್ಚಿಯನ್ನು ವೃತ್ತಗಳಿಂದ ಒಂದು ಗೇಣು ಅವರ ಮಂಚದತ್ತ ಸರಿಸಿಟ್ಟು ಬಂದೆ.

ಮೂರು ವಾರಕ್ಕೆ ಅವರು ಹೋದ ಸುದ್ದಿ ಬಂತು. ನಾನು ಹೋಗುವಷ್ಟರಲ್ಲಿ ಮನೆಯೊಡತಿ ಕೋಣೆ ತೊಳೆಸುತ್ತಿದ್ದರು. ಕುರ್ಚಿ ಆಗಲೇ ಹೊರಗಿತ್ತು. ಒದ್ದೆ ನೆಲದಲ್ಲಿ ಮಾಸುತ್ತಿದ್ದ ಹಳೆಯ ವೃತ್ತಗಳ ಪಕ್ಕ, ಮಂಚದ ಕಡೆಗೆ ಒಂದು ಗೇಣು ದೂರದಲ್ಲಿ, ಇನ್ನೂ ನಾಲ್ಕು ಕಂಡವು. ಬಗ್ಗಿ ನೋಡುವ ಮೊದಲೇ ಇನ್ನೊಂದು ಬಕೆಟ್ ನೀರು ಬಂತು.

ಕಂಡವು ಎಂದೇ ಬರೆದಿದ್ದೇನೆ. ನೋಡಿದ್ರಾ ಎಂದು ಕೇಳಲು ಈಗ ಅವರಿಲ್ಲ.