ಮೂಡಲ ಗಾಳಿ ಬೆನ್ನಿಗೆ ಬಂದ ದಿನ

ಹಾಸನದಲ್ಲಿ ನಮ್ಮ ಮನೆಯ ಹಿಂದಿನ ರಸ್ತೆಯಲ್ಲಿ ರೇಡಿಯೋ ರಿಪೇರಿ ಮಾಡುವ ಮುದುಕರೊಬ್ಬರಿದ್ದಾರೆ. ಮಿಕ್ಸಿ ಕೆಟ್ಟಿತೆಂದು ಮೊನ್ನೆ ಅವರ ಅಂಗಡಿಗೆ ಹೋದಾಗ, ಯಾರೋ ಶೋಕಿಗೆಂದು ತಂದುಕೊಟ್ಟಿದ್ದ ಹಳೇ ವಾಲ್ವ್ ರೇಡಿಯೋಗೆ ಕರೆಂಟು ಕೊಟ್ಟು ಕೂತಿದ್ದರು. ವಾಲ್ವುಗಳು ನಿಧಾನಕ್ಕೆ ಕೆಂಪಗಾದವು. ಅವುಗಳ ಮೇಲೆ ಕೂತ ಧೂಳು ಸುಟ್ಟು, ಬಿಸಿಯಾದ ಮೇಣ, ಹಳೇ ಮರ ಎಲ್ಲ ಸೇರಿದ ಒಂದು ವಾಸನೆ ಅಂಗಡಿಯ ತುಂಬ ಹರಡಿತು. ಪಕ್ಕದಲ್ಲಿ ನಿಂತಿದ್ದ, ಹೆಚ್ಚುಕಡಿಮೆ ನನ್ನ ವಯಸ್ಸಿನವರೊಬ್ಬರು ಕಣ್ಣು ಮುಚ್ಚಿಕೊಂಡು, "ನಮ್ಮ ಕಾಲದ ವಾಸನೆ ಅಂದ್ರೆ ಇದು ನೋಡಿ" ಅಂದರು. ನನಗೆ ಆ ವಾಸನೆಯಲ್ಲಿ ನಿಲ್ಲಲಾಗಲಿಲ್ಲ. ಮಿಕ್ಸಿಯನ್ನು ಅಲ್ಲೇ ಬಿಟ್ಟು ಹೊರಗೆ ಬಂದು ನಿಂತೆ. ಹಳೆಯದೆಲ್ಲ ಹಿತವಾಗಿಯೇ ಇರಬೇಕೆಂದು ಯಾರು ಕಾನೂನು ಮಾಡಿದರೋ ನಾನರಿಯೆ. ನಿಮಗೂ ಇಂಥದ್ದೊಂದು ವಾಸನೆ ಇದ್ದರೆ ನಾನು ಹೇಳುವುದು ಅರ್ಥವಾಗುತ್ತದೆ.

ನಮ್ಮ ಊರು ಚನ್ನರಾಯಪಟ್ಟಣ ತಾಲ್ಲೂಕಿನದು, ಬೆಳಗೊಳಕ್ಕೆ ಪಡುವಲಲ್ಲಿ. ನಡುವೆ ಒಂದು ದೊಡ್ಡ ಕಾವಲು. ದನ ಮೇಯುವ ಬಯಲು, ಅಲ್ಲಲ್ಲಿ ಬಂದ್ರೆ ಗಿಡ, ಹುತ್ತ, ಯಾರು ಯಾವಾಗ ಕಟ್ಟಿಸಿದರೋ ತಿಳಿಯದ ಒಂದು ಕಲ್ಲು ಮಂಟಪ. ಊರಲ್ಲಿ ಕೆಲವೇ ಜೈನರ ಮನೆಗಳು, ಅದರಲ್ಲಿ ನಮ್ಮದು ದೊಡ್ಡದು. ಹೊತ್ತು ಮುಳುಗಿದ ಮೇಲೆ ಉಣ್ಣುವಂತಿಲ್ಲ, ವ್ರತದವರು ನೀರನ್ನೂ ಮುಟ್ಟುವಂತಿಲ್ಲ; ಅಷ್ಟರೊಳಗೆ ನಮ್ಮ ಒಲೆ ಆರಿರುತ್ತಿತ್ತು. ಬೇರೆಯವರ ಮನೆಗಳಲ್ಲಿ ಸಾರಿನ ಒಗ್ಗರಣೆ ಸಿಡಿಯುವಾಗ ನಾವು ಮಕ್ಕಳು ಊಟ ಮುಗಿಸಿ, ಬೂದಿಯ ಬಿಸಿಗೆ ಕಾಲು ಚಾಚಿ ಅಜ್ಜಿಯ ಸುತ್ತ ಕೂತಿರುತ್ತಿದ್ದೆವು. ಅಪ್ಪ ನಾನು ಮಾತು ಕಲಿಯುವ ಮೊದಲೇ ತೀರಿಕೊಂಡಿದ್ದರು. ಮನೆಯ ಯಜಮಾನಿಕೆ ದೊಡ್ಡಪ್ಪನದು. ಅಪ್ಪನ ಜಾಗದಲ್ಲಿ ನನ್ನನ್ನು ಹೆಗಲ ಮೇಲೆ ಹೊತ್ತವರು ಚಿಕ್ಕಪ್ಪ, ಪಾಯಣ್ಣ. ಯುದ್ಧದ ಕಾಲದಲ್ಲಿ ಮಿಲಿಟರಿ ಸೇರಿ, ಬರ್ಮಾ ಗಡಿಯ ಕಾಡುಗಳಲ್ಲಿ ಸರ್ವೆಯವರ ಜೊತೆ ಅಲೆದು ಬಂದವರು. ಮದುವೆಯಾಗಲಿಲ್ಲ. ಅಜ್ಜಿಗೆ ಅವರೆಂದರೆ ಪ್ರಾಣ, ದೊಡ್ಡಪ್ಪನಿಗೆ ಅದೇ ಕಣ್ಣುರಿ.

ಚಿಕ್ಕಪ್ಪನ ಹತ್ತಿರ ಒಂದು ಕಂಪಾಸು ಇತ್ತು. ಅಜ್ಜಿ ಅದನ್ನು 'ದಿಕ್ಕಿನ ಡಬ್ಬಿ' ಅನ್ನುತ್ತಿದ್ದರು. ಹಿತ್ತಾಳೆಯದು, ಅಂಗೈಯಷ್ಟು, ಮುಚ್ಚಳ ಹಾಕಿದರೆ ಒಳಗಿನ ಮುಳ್ಳು ಅಲ್ಲಾಡದಂತೆ ಹಿಡಿದುಕೊಳ್ಳುವ ಒಂದು ಪುಟ್ಟ ಹಿಡಿ. ಬೆಂಗಳೂರಿನಲ್ಲಿ ದಂಡಿನ ಹಳೇ ಸಾಮಾನು ಮಾರುವ ಅಂಗಡಿಯಲ್ಲಿ, ಒಂದು ಗೋಣಿಚೀಲದ ತುಂಬ ಇದ್ದ ಕಂಪಾಸುಗಳಲ್ಲಿ ಅದನ್ನು ಆರಿಸಿದ ಕಥೆಯನ್ನು ಅವರು ಹೆಣ್ಣು ನೋಡಿ ಬಂದವರ ಹಾಗೆ ಹೇಳುತ್ತಿದ್ದರು. ಹೊಳಪು ನೋಡಬಾರದು. ಗಾಜಿನೊಳಗೆ ನೀರಿನ ಪಸೆ ಇದೆಯೋ ನೋಡಬೇಕು. ಕಬ್ಬಿಣದ ಮೇಜು ಬಿಟ್ಟು ಮರದ ಹಲಗೆಯ ಮೇಲೆ ಇಟ್ಟು, ಚಾಕು ಹತ್ತಿರ ತಂದು ಮುಳ್ಳನ್ನು ಕೆಣಕಿ, ಚಾಕು ದೂರ ಒಯ್ದ ಮೇಲೆ ಅದು ಮೊದಲು ನಿಂತಲ್ಲಿಗೇ ಬಂದು ನಿಲ್ಲುತ್ತದೆಯೋ ನೋಡಬೇಕು. ಒಂದೊಂದು ಸಲ ಒಂದೊಂದು ಕಡೆ ನಿಲ್ಲುವುದನ್ನು ಬಿಟ್ಟಿ ಕೊಟ್ಟರೂ ತರಬಾರದು. ಅಂಗಡಿಯವನು ಬೇಸತ್ತು, "ಸಾ, ಮುಳ್ಳು ಆರಿಸ್ತಾ ಇದ್ದೀರೋ, ಅಳಿಯನ್ನ ಆರಿಸ್ತಾ ಇದ್ದೀರೋ" ಅಂದನಂತೆ.

ನನಗೆ ಅದನ್ನು ಬಳಸಲು ಕಲಿಸಿದ್ದು ಆ ಕಾವಲಿನಲ್ಲೇ. ಕೈಬಳೆ ಗಾಜಿನದಾದರೆ ಪರವಾಗಿಲ್ಲ, ಲಂಗಕ್ಕೆ ಸಿಕ್ಕಿಸಿದ ಪಿನ್ನು ತೆಗೆದಿಡು ಅನ್ನುತ್ತಿದ್ದರು. ಎದೆಯ ಮಟ್ಟಕ್ಕೆ ಹಿಡಿದು, ಮುಳ್ಳು ನಿಲ್ಲುವವರೆಗೂ ಉಸಿರು ಕಟ್ಟಿ, ಹೋಗಬೇಕಾದ ದಿಕ್ಕಿನಲ್ಲಿ ಒಂದು ಹುತ್ತವನ್ನೋ ಗಿಡವನ್ನೋ ಗುರುತಿಟ್ಟುಕೊಂಡು ಡಬ್ಬಿ ಮುಚ್ಚಬೇಕು. ಅಲ್ಲಿಗೆ ಹೋಗಿ ಮತ್ತೆ ತೆರೆಯಬೇಕು. ನನಗೆ ಇನ್ನೂ ವಿಚಿತ್ರವಾಗಿ ಕಂಡಿದ್ದು ಅವರ ಇನ್ನೊಂದು ಪಾಠ: ಊರಿಗೆ ವಾಪಸ್ಸು ಬರುವಾಗ ಊರಿಗೇ ಗುರಿ ಇಡಬಾರದು, ಬೇಕೆಂದೇ ಸ್ವಲ್ಪ ಎಡಕ್ಕೆ ತಪ್ಪಬೇಕು. ಆಗ ಕೆರೆ ಏರಿ ಸಿಕ್ಕಿದ ಮೇಲೆ ಊರು ಬಲಕ್ಕಿದೆ ಅನ್ನುವುದರಲ್ಲಿ ಅನುಮಾನವೇ ಇರುವುದಿಲ್ಲ. ಎಲ್ಲಕ್ಕಿಂತ ಮೇಲಿನ ಪಾಠವನ್ನು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು: "ಮಂಜಲ್ಲಿ ನಿನ್ ಮನ್ಸು ಸುಳ್ಳೇಳ್ತೈತೆ ಕಣವ್ವ. ಮುಳ್ಳು ಏಳಾಕಿಲ್ಲ. ಮನ್ಸು ಒಂದ್ ಕಡೆ, ಮುಳ್ಳು ಒಂದ್ ಕಡೆ ಅಂದ್ರೆ, ಮುಳ್ಳಿನ್ ಕಡೀಕೇ ಓಗು." ದೇವರ ಮಾತಿನಂತೆ ನಂಬಿದ್ದೆ.

ಊರಿಗೆ ಕರೆಂಟು ಬಂದ ವರ್ಷವೇ ದೊಡ್ಡಪ್ಪ ಹಾಸನದಿಂದ ರೇಡಿಯೋ ತಂದರು. ದೇವರ ಕೋಣೆಯ ಪಕ್ಕದ ಪಡಸಾಲೆಯಲ್ಲಿ ಅದಕ್ಕೊಂದು ಸ್ಟ್ಯಾಂಡು, ಮೇಲೆ ದೊಡ್ಡಮ್ಮ ಹೆಣೆದ ಕ್ರೋಶೆ ಬಟ್ಟೆ. ಸಂಜೆ ಅದು ಬಿಸಿಯಾಗಿ ವಾಸನೆ ಬಿಟ್ಟಿತೆಂದರೆ ಊರಿನ ಅರ್ಧ ಜನ ನಮ್ಮ ಜಗಲಿಯಲ್ಲಿ. ದೊಡ್ಡಪ್ಪ ಗುಂಡಿ ತಿರುಗಿಸುವ ಠೀವಿ ನೋಡಿದರೆ ವಾರ್ತೆಗಳನ್ನು ಅವರೇ ತಯಾರಿಸುತ್ತಾರೇನೋ ಅನ್ನಿಸಬೇಕು. ಆ ಹೊತ್ತಿಗೆ ಅಣ್ಣ ತಮ್ಮಂದಿರಿಗೆ ಮಾತಿಗೆ ಮಾತು ಬೆಳೆದು, ಚಿಕ್ಕಪ್ಪ ಕೊಣನೂರಿನ ಕಡೆ ನಾಲೆ ಕೆಲಸಕ್ಕೆ ಮೇಸ್ತ್ರಿಯಾಗಿ ಹೊರಟರು. ಅಲ್ಲಿ ಇರುವುದು ಗುಡಿಸಲು, ಕಳ್ಳರ ಕಾಟ ಎಂದು ಕಂಪಾಸನ್ನು ಅಜ್ಜಿಯ ಕೈಗೆ ಕೊಟ್ಟು ಹೋದರು. ಅಜ್ಜಿ ಅದನ್ನು ಮನೆಯಲ್ಲಿ ಅತ್ಯಂತ ಮರ್ಯಾದೆಯ ಜಾಗ ಯಾವುದೋ ಅಲ್ಲಿಟ್ಟರು, ರೇಡಿಯೋದ ಮೇಲೆ. ದೊಡ್ಡ ಮಗನ ವಸ್ತುವಿಗೆ ಊರೆಲ್ಲ ಕೈಮುಗಿಯುವಾಗ ಚಿಕ್ಕ ಮಗನದೂ ಕಾಣಲಿ ಅನ್ನುವುದು ಅವರ ಆಸೆ. ವರ್ಷದ ಮೇಲಾಯಿತು, ಅದು ಅಲ್ಲೇ ಇತ್ತು. ಮುಚ್ಚಳ ತೆಗೆಯಲು ಅಜ್ಜಿ ಯಾರನ್ನೂ ಬಿಡಲಿಲ್ಲ, ನನ್ನನ್ನೂ ಕೂಡ.

ಮರುವರ್ಷ ಕಾರ್ತೀಕದಲ್ಲಿ ಅಜ್ಜಿ ನಂದೀಶ್ವರ ನೋಂಪಿಯ ವ್ರತ ಹಿಡಿದರು. ಹುಣ್ಣಿಮೆಯ ದಿನ ನೀರೂ ಇಲ್ಲದ ಉಪವಾಸ, ಮರುದಿನ ಬೆಳಗೊಳಕ್ಕೆ ನಡೆದುಕೊಂಡೇ ಹೋಗಿ ಸ್ವಾಮಿಯ ದರ್ಶನ ಮಾಡಿದ ಮೇಲೆಯೇ ಪಾರಣೆ. ಅದಕ್ಕೆಂದೇ ಚಿಕ್ಕಪ್ಪ ರಜೆ ಹಾಕಿ ಬಂದರು. ಬೆಳಗ್ಗೆ ನೋಡಿದರೆ ಜಡಿಮಳೆ, ಜೊತೆಗೆ ಮಂಜು. ದೊಡ್ಡಪ್ಪ ರಸ್ತೆಯ ಮೇಲೆ ಹೋಗಿ, ಹಿಂದೆ ಗಾಡಿ ಕಳಿಸುತ್ತೇನೆ ಅಂದರು. ಚಿಕ್ಕಪ್ಪ, ರಸ್ತೆ ಸುತ್ತು, ಉಪವಾಸದವರನ್ನು ಅಷ್ಟು ದೂರ ನಡೆಸುವುದು ಬೇಡ, ಕಾವಲು ಹಾದರೆ ಅರ್ಧ ದಾರಿ ಅಂದರು. ಅಜ್ಜಿ ಯಾರ ಮಾತು ಕೇಳುತ್ತಾರೆಂದು ಕೇಳಬೇಕೆ? ಡಬ್ಬಿಯನ್ನು ರೇಡಿಯೋದ ಮೇಲಿಂದ ತೆಗೆದು, ಸೆರಗಿನಲ್ಲಿ ಒರೆಸಿ, ಮಗನ ಕೈಗಿಟ್ಟು, "ಎಂಗ್ ಜ್ವಾಪಾನ ಮಾಡಿವ್ನಿ ನೋಡು" ಅಂದರು. ಮೂವರೂ ಹೊರಟೆವು.

ಮಂಟಪದವರೆಗೆ ಗಾಡಿಜಾಡು ಇತ್ತು, ಕಂಪಾಸು ಬೇಕಾಗಲಿಲ್ಲ. ಅಲ್ಲಿಗೆ ಬರುವಷ್ಟರಲ್ಲಿ ಮಳೆ ಜೋರಾಗಿ ಒಳಗೆ ನಿಂತೆವು. ಮಳೆ ಕಡಿಮೆಯಾದಾಗ ಮಂಜು ಇನ್ನೂ ದಟ್ಟವಾಗಿತ್ತು. ನಾಲ್ಕು ಕಡೆಯೂ ಒಂದೇ ಬಿಳುಪು, ಬಂದ ಗಾಡಿಜಾಡು ನೀರಿನಡಿ ಮುಚ್ಚಿಹೋಗಿ ನಾಲ್ಕು ಕಡೆಗೂ ದನದ ಹೆಜ್ಜೆಯ ಜಾಡು. ಚಿಕ್ಕಪ್ಪ ಕಂಪಾಸು ತೆರೆದು ನನಗೂ ತೋರಿಸಿ, "ಮೂಡ್ಲು ಯಾವ ಕಡೆ ಅಂತ ನಿನ್ ಮನ್ಸು ಏಳ್ತೈತೆ?" ಎಂದು ಕೇಳಿದರು. ನಾನು ಒಂದು ಕಡೆ ಕೈ ತೋರಿಸಿದೆ. ಅವರು ನಕ್ಕರು. "ನಂಗೂ ಅಂಗೇ ಅನ್ನಿಸ್ತೈತೆ. ಮುಳ್ಳು ನೋಡು, ಅದ್ರ ಮೂಡ್ಲು ಪೂರ್ತಿ ಎದುರು ಕಡೆ. ಇದುಕ್ಕೇ ನಾನ್ ಏಳೋದು, ಮನ್ಸು ಸುಳ್ಳು ಅಂತ." ಮುಳ್ಳಿನ ಕಡೆಗೇ ಹೊರಟೆವು. ಸ್ವಲ್ಪ ದೂರ ಹೋದ ಮೇಲೆ ಅಜ್ಜಿ ನಿಂತು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, "ಪಾಯಣ್ಣ, ಮೂಡ್ಲ ಗಾಳಿ ಕಣಪ್ಪ ಇದು, ಕಾರ್ತೀಕದ ಗಾಳಿ. ಮೊಕಕ್ಕೆ ಒಡೀಬೇಕಾಗಿತ್ತು. ಬೆನ್ನಿಗ್ ಬತ್ತೈತಲ್ಲ" ಅಂದರು. ಚಿಕ್ಕಪ್ಪ ತಿರುಗಿ ಕೂಡ ನೋಡದೆ, "ಗಾಳಿ ಎತ್ಲಾಗ್ ಬೇಕಾದ್ರೂ ತಿರುಗ್ತೈತೆ, ನೀನ್ ಬಾರವ್ವ" ಅಂದರು. ಅಜ್ಜಿ ಅವರ ಹಿಂದೆಯೇ ಹೆಜ್ಜೆ ಹಾಕಿದರು. ಮಗನ ಮೇಲೆ ಅಷ್ಟು ನಂಬಿಕೆ.

ಆ ದಿನ ಸೂರ್ಯ ಒಮ್ಮೆಯೂ ಮುಖ ತೋರಿಸಲಿಲ್ಲ. ಹುತ್ತದಿಂದ ಗಿಡಕ್ಕೆ, ಗಿಡದಿಂದ ಹುತ್ತಕ್ಕೆ, ಕಲಿತ ಪಾಠವನ್ನು ಒಂದಿಷ್ಟೂ ತಪ್ಪದೆ ನಡೆದೆವು. ಅಜ್ಜಿಯ ನಾಲಿಗೆ ಒಣಗಿ ಮಂತ್ರ ಹೇಳುವ ದನಿಯೂ ನಿಂತಿತ್ತು. ಹೊತ್ತಿಳಿಯುವಾಗ ಒಂದು ಹಟ್ಟಿ ಸಿಕ್ಕಿತು. ಕಣದಲ್ಲಿದ್ದ ಹೆಂಗಸನ್ನು ಚಿಕ್ಕಪ್ಪ ಬೆಳಗೊಳ ಎಷ್ಟು ದೂರ ಎಂದು ಕೇಳಿದರು. ಅವಳು ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಬೆಳ್ಗೊಳುಕ್ಕೆ ಬೆನ್ ಆಕೊಂಡು ಬಂದಿದ್ದೀರಲ್ಲ ಸಾ" ಅಂದಳು. ನಮ್ಮ ಊರನ್ನೂ ಪಕ್ಕದಲ್ಲೇ ದಾಟಿ, ಇನ್ನೂ ಪಡುವಲಿಗೆ ಬಂದುಬಿಟ್ಟಿದ್ದೆವು. ಗಾಡಿ ಕಟ್ಟಿಸುವಷ್ಟರಲ್ಲಿ ಹೊತ್ತು ಮುಳುಗಿತು. ಆ ಹೆಂಗಸು ಒಂದು ಚೊಂಬು ನೀರು ತಂದಳು. ಚಿಕ್ಕಪ್ಪ ಅದನ್ನು ಹಿಡಿದು ಅಜ್ಜಿಯ ಕಾಲ ಬಳಿ ಕೂತು ಅತ್ತರು. ಅಜ್ಜಿ ಅವರ ತಲೆಯ ಮೇಲೆ ಕೈಯಿಟ್ಟು, "ಒತ್ತು ಮುಳುಗ್ತು ಕಣಪ್ಪ. ನಾಳೀಕೆ" ಅಂದರು.

ರಾತ್ರಿ ಆ ಹಟ್ಟಿಯಲ್ಲೇ ಕಳೆದು, ಮಾರನೆಯ ದಿನ ಗಾಡಿಯಲ್ಲಿ ಬೆಳಗೊಳಕ್ಕೆ ಹೋಗಿ, ಬೆಟ್ಟದ ಕೆಳಗಿನ ಬಸದಿಯಲ್ಲಿ ದರ್ಶನ ಮಾಡಿಸಿ ಅಜ್ಜಿಯ ಬಾಯಿಗೆ ನೀರು ಹಾಕಿದ್ದಾಯಿತು. ಆದರೆ ಹಟ್ಟಿಯಲ್ಲಿ ಹಿಡಿದ ಜ್ವರ ಬಿಡಲಿಲ್ಲ. ಆ ತಿಂಗಳು ಮುಗಿಯುವ ಮೊದಲೇ ಅಜ್ಜಿ ಹೋದರು. ಚಿಕ್ಕಪ್ಪ ಒಂದೇ ಒಂದು ಸಲ ಬಾಯಿಬಿಟ್ಟು, "ಮುಳ್ಳು ತಿರುಗ್ಬುಟ್ಟಿತ್ತು ಕಣಣ್ಣ" ಅಂದಿದ್ದರು. ದೊಡ್ಡಪ್ಪ ನೆರೆದವರ ಮುಂದೆ, "ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ಎತ್ತ ತಾಯೀನ ಬಾಯಾರ್ಸಿ ಕೊಂದ್ಬುಟ್ಟು, ಮುಳ್ಳಿನ್ ಮ್ಯಾಲೆ ಆಕ್ತಾನೆ" ಅಂದರು. ಆ ಮೇಲೆ ಚಿಕ್ಕಪ್ಪ ಆ ಮಾತೆತ್ತಲಿಲ್ಲ. ಊರು ಸುಮ್ಮನಿರುತ್ತದೆಯೇ? ಅವರಿಗೆ 'ಪಡುವಲ ಪಾಯಣ್ಣ' ಎಂದು ಹೆಸರಿಟ್ಟಿತು. ಮದುವೆಮನೆಯ ಪಂಕ್ತಿಯಲ್ಲಿ ಕೂತರೆ ಯಾರಾದರೊಬ್ಬರು, "ಪಾಯಣ್ಣ, ಬಸದಿ ಯಾವ ಕಡೀಕೆ ಬತ್ತದೆ?" ಎಂದು ಕೇಳುವುದು, ಉಳಿದವರು ಎಲೆಯ ಕಡೆ ಬಾಗಿ ನಗುವುದು. ಅಜ್ಜಿಯ ಸಾವಿಗಾಗಿ ಅತ್ತವರಿಗಿಂತ ಆ ಸಾವಿನಿಂದ ನಗೆ ಕಿತ್ತುಕೊಂಡವರೇ ಹೆಚ್ಚು. ಚಿಕ್ಕಪ್ಪ ತಮ್ಮ ಟ್ರಂಕು ಹೊತ್ತುಕೊಂಡು ಹೊಳೆನರಸೀಪುರಕ್ಕೆ ಹೋಗಿ ಒಂದು ಅಕ್ಕಿ ಗಿರಣಿಯಲ್ಲಿ ಕಾವಲಿಗೆ ಸೇರಿದರು. ಮನೆಯಲ್ಲಿ ರೇಡಿಯೋ ಮಾತ್ರ ಪ್ರತಿ ಸಂಜೆ ಬಿಸಿಯಾಗುತ್ತಿತ್ತು.

ನಾನು ಹಾಸನಕ್ಕೆ ಪಿಯುಸಿ ಓದಲು ಬಂದೆ. ಒಂದು ದಿನ ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ನಮ್ಮ ಕೈಗೆ ಕೊಟ್ಟ ಕಂಪಾಸುಗಳಲ್ಲಿ ಕೆಲವು ಉತ್ತರಕ್ಕೆ ಬದಲು ದಕ್ಷಿಣ ತೋರಿಸಿದವು. ಮೇಷ್ಟ್ರು ಅಟೆಂಡರನ್ನು ಬೈದು, ಇವನ್ನು ಅಯಸ್ಕಾಂತದ ಜೊತೆ ಒಂದೇ ಡ್ರಾಯರಿನಲ್ಲಿ ಇಟ್ಟಿದ್ದಕ್ಕೆ ಮುಳ್ಳಿನ ಗುಣವೇ ಉಲ್ಟಾ ಆಗಿದೆ ಎಂದು ನಮಗೆ ವಿವರಿಸಿದರು. ಆಮೇಲೆ ಬಿಚ್ಚಿದ ರೇಡಿಯೋ ಸ್ಪೀಕರೊಂದನ್ನು ಎತ್ತಿ ಹಿಡಿದು, ಅದರ ಬೆನ್ನಿಗಿದ್ದ ಕಪ್ಪು ಗಡ್ಡೆಯನ್ನು ತೋರಿಸಿ, "ಇದೂ ಅಯಸ್ಕಾಂತವೇ. ಪ್ರತಿ ರೇಡಿಯೋದಲ್ಲೂ ಇರುತ್ತೆ" ಅಂದರು. ನಮ್ಮ ಪಡಸಾಲೆ ನನ್ನ ಕಣ್ಣಿಗೆ ಬಂತು. ಮುಚ್ಚಳ ಹಾಕಿ ಮುಳ್ಳು ಬಿಗಿದಿಟ್ಟ ಡಬ್ಬಿ, ವರ್ಷಕ್ಕೂ ಹೆಚ್ಚು ಕಾಲ, ರೇಡಿಯೋದ ಮೇಲಿನ ಕ್ರೋಶೆ ಬಟ್ಟೆಯ ಮೇಲೆ.

ಮರುದಿನವೇ ಹೊಳೆನರಸೀಪುರದ ಬಸ್ಸು ಹತ್ತಿದೆ. ಚಿಕ್ಕಪ್ಪ ಗಿರಣಿಯ ಗೇಟಿನಲ್ಲಿ ತೌಡಿನ ಧೂಳು ಮೆತ್ತಿಕೊಂಡು ಸ್ಟೂಲಿನ ಮೇಲೆ ಕೂತಿದ್ದರು. ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವರ ಮುಖ ಅರಳುತ್ತದೆ ಎಂದುಕೊಂಡಿದ್ದೆ.

"ಗೊತ್ತು ಕಣವ್ವ" ಅಂದರು. "ಆ ಹಟ್ಟೀಲಿ ಕತ್ಲಾದ್ ಮ್ಯಾಲೆ ಮೋಡ ಅರೀತಲ್ಲ, ಚುಕ್ಕಿ ನೋಡ್ದೆ. ಮುಳ್ಳು ಉಲ್ಟಾ ಆಗ್ಬುಟ್ಟಿತ್ತು. ಸೂತ್ಕ ಕಳ್ಯೋ ದಿನ ರೇಡಿಯೋ ತಾವ ಇಟ್ ನೋಡ್ದೆ. ದೆವ್ವ ಬಂದಂಗೆ ಸುತ್ತುತು."

"ಮತ್ಯಾಕೆ ಹೇಳ್ಲಿಲ್ಲ ಚಿಕ್ಕಪ್ಪ? ಊರವರ ಬಾಯಿ ಮುಚ್ಚಿಸಬಹುದಾಗಿತ್ತಲ್ಲ?"

"ಏನಂತ ಏಳ್ಲಿ? ಅದ್ನ ಅಲ್ಲಿಟ್ಟೋಳು ಅವ್ವ. ಅವ್ಳ್ ಸಾವ್ನ ಅವ್ಳ್ ಮ್ಯಾಲೇ ಒರೆಸ್ಲಾ?" ತೋಳಿಗೆ ಮೆತ್ತಿದ ತೌಡು ಕೊಡವಿಕೊಂಡರು. "ಅದೂ ಅಲ್ದೆ, ಗಾಳಿ ಬೆನ್ನಿಗ್ ಬತ್ತೈತೆ ಅಂದ್ಲು. ನಾನ್ ತಿರುಗಿ ನೋಡ್ಲಿಲ್ಲ. ಅದುಕ್ಕೆ ರೇಡಿಯೋ ಏನ್ ಮಾಡೀತು?"

ಟ್ರಂಕಿನಿಂದ ಕಂಪಾಸು ತೆಗೆದು ನನ್ನ ಕೈಗೆ ಕೊಟ್ಟರು. ಯಾರಿಗೂ ಹೇಳಕೂಡದು ಎಂದು ಮಾತು ತೆಗೆದುಕೊಂಡರು. ಮಾತು ಉಳಿಸಿಕೊಂಡೆ, ಉಳಿಸಿಕೊಂಡ ಒಂದೊಂದು ದಿನವೂ ಕಹಿಯಾಗಿತ್ತು. ಅವರು ತೀರಿಕೊಂಡಾಗ ದೊಡ್ಡಪ್ಪ ಬಂದಿದ್ದರು. ಹೇಮಾವತಿಯ ದಡದಲ್ಲಿ ಚಿತೆಗೆ ಬೆಂಕಿಯಿಟ್ಟ ಮೇಲೆ ಟವೆಲ್ಲು ಕೊಡವುತ್ತಾ, "ಇವತ್ತಾದ್ರೂ ಸರಿಯಾದ್ ದಾರಿ ಇಡ್ದ" ಅಂದರು. ಪಕ್ಕದಲ್ಲಿ ಒಬ್ಬಿಬ್ಬರು ನಕ್ಕರು. ಆ ನಗೆಯನ್ನು ನಾನು ಇಂದಿಗೂ ಕ್ಷಮಿಸಿಲ್ಲ, ಕ್ಷಮಿಸುವ ಇರಾದೆಯೂ ಇಲ್ಲ.

ಈಗ ದೊಡ್ಡಪ್ಪ ಇಲ್ಲ. ಆ ಮನೆಯನ್ನು ಮಾರಿದ್ದಾಯಿತು; ಕೊಂಡವರು ಅದನ್ನು ಕೆಡವಿ, ಒಲೆಯಿದ್ದ ಜಾಗದಲ್ಲಿ ಟ್ರ್ಯಾಕ್ಟರ್ ನಿಲ್ಲಿಸುತ್ತಾರೆ. 'ಪಡುವಲ ಪಾಯಣ್ಣ' ಅನ್ನುವ ಹೆಸರು ಮಾತ್ರ ಊರಲ್ಲಿ ಇನ್ನೂ ಉಳಿದಿದೆಯಂತೆ, ದಾರಿ ತಪ್ಪಿದವರನ್ನೆಲ್ಲ ಹಾಗೆ ಕರೆಯುತ್ತಾರಂತೆ, ಯಾರ ಹೆಸರು ಎಂದು ತಿಳಿಯದೆಯೇ. ನಿಜ ಹೇಳಿದರೆ ನೋಯುವವರು ಯಾರೂ ಉಳಿದಿಲ್ಲವೆಂದೇ ಇದನ್ನು ಬರೆದೆ. ನಂಬಬೇಕಾಗಿದ್ದವರೂ ಉಳಿದಿಲ್ಲ.

ಮಿಕ್ಸಿ ತರಲು ಹೋದಾಗ ಆ ರಿಪೇರಿಯವರಿಗೆ ಕಂಪಾಸು ತೋರಿಸಿದೆ. ಅಯಸ್ಕಾಂತದಲ್ಲಿ ಒಮ್ಮೆ ಉಜ್ಜಿದರೆ ಸಾಕು, ಸರಿಮಾಡಿಕೊಡುತ್ತೇನೆ ಅಂದರು. ಬೇಡ ಅಂದೆ. ಅಜ್ಜಿ ಸೆರಗಿನಲ್ಲಿ ಒರೆಸಿ ಕೊಟ್ಟಾಗ ಹೇಗಿತ್ತೋ ಹಾಗೇ ಇದೆ, ಇರಲಿ. ಕಾರ್ತೀಕದಲ್ಲಿ ಜಡಿ ಹಿಡಿದ ದಿನ ತಾರಸಿಯ ಮೇಲೆ ಹೋಗಿ ಮುಚ್ಚಳ ತೆಗೆಯುತ್ತೇನೆ. ಮುಳ್ಳು ನಿಲ್ಲುವವರೆಗೂ ಉಸಿರು ಕಟ್ಟಿ, ಅದು ಯಾವ ಕಡೆಯನ್ನು ಮೂಡಲು ಅನ್ನುತ್ತದೋ ಆ ಕಡೆಗೆ ಮುಖಮಾಡಿ ನಿಲ್ಲುತ್ತೇನೆ. ಗಾಳಿ ಬೆನ್ನಿಗೆ ಬರುತ್ತದೆ.