ಗಾಜಿನ ಕೊಳವೆ ಒಪ್ಪದ ಕಾಯಿಲೆ

ವಿಜಯನಗರದಿಂದ ಮೊದಲ ಬಿ.ಟಿ.ಎಸ್. ಬಸ್ಸು ಇನ್ನೂ ಹೊರಟಿಲ್ಲ. ರಕ್ತ ಪರೀಕ್ಷೆ ಮಾಡುವ ಪುಟ್ಟ ಲ್ಯಾಬೊಂದರ ಹಿತ್ತಲಲ್ಲಿ, ನಲ್ಲಿಯ ಕೆಳಗೆ ಕುಕ್ಕರಗಾಲಲ್ಲಿ ಕೂತು ಮುನಿತಾಯಮ್ಮ ಗಾಜಿನ ಕೊಳವೆ ತೊಳೆಯುತ್ತಿದ್ದಾರೆ. ಡಿಸೆಂಬರ್ ತಿಂಗಳ ನೀರು, ಮುಟ್ಟಿದರೆ ಜುಮ್ಮೆನ್ನುತ್ತದೆ. ನಾಲ್ಕಾರು ಕೊಳವೆ ಮುಗಿಯುವಷ್ಟರಲ್ಲಿ ಅವರ ಬೆರಳಿನಿಂದ ಮೊಣಕೈವರೆಗೆ ಕೆಂಪಗೆ, ದಪ್ಪದಪ್ಪಗೆ ಗಂಧೆ ಏಳುತ್ತದೆ. ತುರಿಸಿಕೊಳ್ಳಲು ಕೈಗೆ ಬಿಡುವಿಲ್ಲ. ಮೊಣಕೈಯನ್ನು ಗೋಡೆಗೆ ಉಜ್ಜಿಕೊಂಡು ಮತ್ತೆ ನೀರಿಗೆ ಕೈ ಹಾಕುತ್ತಾರೆ.

"ಈಗ್ಲೇ ನೋಡ್ಕೊಳಿ ಸಾರ್. ಡಾಕ್ಟ್ರು ಬರೋ ಹೊತ್ಗೆ ಒಂದೂ ಇರಲ್ಲ," ಎಂದು, ಬರೆಯಲು ಬಂದ ನನಗೆ ಹೇಳುತ್ತಾರೆ.

ಅವರ ಸಂಕಟವೆಲ್ಲ ಇರುವುದು ಇಲ್ಲೇ. ಬಿಸಿಲೇರಿ ಕೈ ಒಣಗಿದರೆ ಗಂಧೆ ಮಾಯ. ಬೆಳಿಗ್ಗೆ ಉರಿದ ಕೈ ಮಧ್ಯಾಹ್ನಕ್ಕೆ ಎಲ್ಲರ ಕೈಯಂತೆಯೇ ಕಾಣುತ್ತದೆ. ಹೀಗಾಗಿ ಅದನ್ನು ನಂಬುವವರಿಲ್ಲ.

ಮುನಿತಾಯಮ್ಮ ಮೂಡಲಪಾಳ್ಯದವರು. ಬಿನ್ನಿಪೇಟೆಯಲ್ಲಿ ನೂಲಿನ ಕೆಲಸಕ್ಕಿದ್ದ ಗಂಡ ಹನುಮಯ್ಯ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳ ಊಟ, ಶಾಲೆ ಎಲ್ಲವೂ ಈ ಕೊಳವೆಗಳ ಮೇಲೆಯೇ ನಿಂತಿದೆ. ದಿನಕ್ಕೆ ನೂರಕ್ಕೂ ಹೆಚ್ಚು ಕೊಳವೆ, ಜೊತೆಗೆ ಗಾಜಿನ ಸಿರಿಂಜು. ಎರಡು ಚಳಿಗಾಲದ ಹಿಂದೆ ಗಂಧೆ ಶುರುವಾಯಿತು. ಪಿತ್ತ ಎಂದರು ನೆರೆಯವರು. ಕಂಬಳಿ ಹೊದ್ದದ್ದಾಯಿತು, ದೊಡ್ಡಪತ್ರೆ ರಸ ಹಚ್ಚಿದ್ದಾಯಿತು. ಕಳೆದ ಜನವರಿಯಲ್ಲಿ ತುಟಿ ಊದಿ, ಉಸಿರು ಕಟ್ಟಿ ನಲ್ಲಿಯ ಪಕ್ಕದಲ್ಲೇ ಬಿದ್ದುಬಿಟ್ಟರು. ತಿಂಡಿ ತಿನ್ನದೆ ಬಂದಿದ್ದೀರಿ ಎಂದು ಲ್ಯಾಬಿನ ಮಾಲೀಕರೂ ಆದ ಡಾ. ಶಿವಬಸಪ್ಪ ಗದರಿದರಂತೆ.

ಆಕೆ ಕೇಳಿದ್ದು ಒಂದು ಬಕೆಟ್ ಬಿಸಿ ನೀರು, ಅಷ್ಟೇ. ಡಾಕ್ಟರು ಅದಕ್ಕೆ ಬದಲಾಗಿ ಆಕೆಯ ರಕ್ತ ತೆಗೆಸಿದರು. ಇ.ಎಸ್.ಆರ್. ಎಂಬ ಪರೀಕ್ಷೆ. ರಕ್ತವನ್ನು ಉದ್ದನೆಯ ಕೊಳವೆಯಲ್ಲಿ ಒಂದು ಗಂಟೆ ನಿಲ್ಲಿಸುತ್ತಾರೆ. ಮೈಯೊಳಗೆ ಉರಿಯೂತವಿದ್ದರೆ ಕೆಂಪು ಕಣಗಳು ಬೇಗ ಕೆಳಗಿಳಿಯುತ್ತವೆ, ಅಂಕಿ ಏರುತ್ತದೆ. ಮುನಿತಾಯಮ್ಮನ ಅಂಕಿ ಹನ್ನೆರಡು. ಅಂದರೆ ಏನೂ ಇಲ್ಲ. ಮತ್ತೊಮ್ಮೆ ಮಾಡಿದರೂ ಅಷ್ಟೇ.

"ಬ್ಲಡ್ ಕ್ಲೀನಾಗಿದೆಯಮ್ಮಾ, ಕೆಲಸ ತಪ್ಪಿಸ್ಕೊಳ್ಳೋಕೆ ನೆವ ಹುಡುಕ್ಬೇಡಿ ಅಂದ್ರು," ಎಂದು ಮುನಿತಾಯಮ್ಮ ನೆಲ ನೋಡುತ್ತಾರೆ. "ಒಂದ್ಸಲ ಜಾಸ್ತಿ ಬರ್ಲಿ ಅಂತ ಮುನೇಶ್ವರನಿಗೆ ಹರಕೆ ಕಟ್ಟಿದೀನಿ ಸಾರ್."

ಕಾಯಿಲೆ ಬರಲೆಂದು ಹರಕೆ ಹೊತ್ತವರನ್ನು ನಾನು ಕಂಡಿದ್ದು ಇದೇ ಮೊದಲು. ರಾಜಾಜಿನಗರದ ಚರ್ಮವೈದ್ಯರೊಬ್ಬರಿಗೆ ಆಕೆಯ ಸಂಗತಿಯೆಲ್ಲ ಹೇಳಿ ಕೇಳಿದೆ. "ಗಂಧೆ ಇರೋರಲ್ಲಿ ಎಷ್ಟೋ ಜನಕ್ಕೆ ಇ.ಎಸ್.ಆರ್. ನಾರ್ಮಲ್ಲೇ ಇರುತ್ತೆ. ಹಾಗಂತ ಕಾಯಿಲೆ ಇಲ್ಲ ಅಂತಲ್ಲ. ಈಕೆಗೆ ತಣ್ಣೀರೇ ವಿಷ. ಇನ್ನೊಂದ್ಸಲ ಉಸಿರು ಕಟ್ಟಿದ್ರೆ ಉಳಿಯೋದು ಕಷ್ಟ," ಎಂದರು. ಒಂದು ಚೀಟಿಯಲ್ಲಿ ಹಾಗೆಯೇ ಬರೆದುಕೊಟ್ಟರು. ಡಾ. ಶಿವಬಸಪ್ಪ ಅದನ್ನು ಓದಿ ಮೇಜಿನ ಮೇಲಿಟ್ಟರು. ಅಂಕಿ ಇಲ್ಲದ ಮಾತು ಅವರಿಗೆ ಬೇಕಿರಲಿಲ್ಲ; ಬೇಕಾದರೆ ಇನ್ನೊಮ್ಮೆ ರಕ್ತ ನೋಡೋಣ ಎಂದರು.

ಮುಂದಿನದನ್ನು ಹೇಳಿದವರು ಅದೇ ಲ್ಯಾಬಿನ ಟೆಕ್ನೀಷಿಯನ್ ಸತ್ಯವತಿ. ಅದು ಅವರ ನಿಜವಾದ ಹೆಸರಲ್ಲ. ಇಲ್ಲಿ ಯಾರ ಹೆಸರೂ ನಿಜವಾದದ್ದಲ್ಲ. ಕೊಳವೆ ನೆಟ್ಟಗೆ ನಿಂತರೆ ಮಾತ್ರ ಸರಿಯಾದ ಅಂಕಿ ಸಿಗುತ್ತದೆ. ಓರೆಯಾದರೆ ಕಣಗಳು ಜಾರಿಕೊಂಡು ಬೇಗ ಇಳಿಯುತ್ತವೆ. ಲ್ಯಾಬಿನಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ ಇದು. ಮೂರನೇ ಸಲ ಮುನಿತಾಯಮ್ಮನ ರಕ್ತ ನಿಲ್ಲಿಸುವಾಗ ಸತ್ಯವತಿ ಬೇಕೆಂದೇ ಕೊಳವೆಯನ್ನು ಓರೆ ಮಾಡಿದರು.

"ಬಿಸಿ ನೀರಾದ್ರೂ ಸಿಗ್ಲಿ ಅಂತ ಮಾಡ್ದೆ," ಎಂದು ಸತ್ಯವತಿ ಅಳುತ್ತಾರೆ. "ಐವತ್ತು ದಾಟ್ತು. ಡಾಕ್ಟ್ರು ನೋಡಿದ್ರು, ತಕ್ಷಣ ನಂಬಿದ್ರು. ಇಷ್ಟು ಜಾಸ್ತಿ ಅಂದ್ರೆ ಟಿ.ಬಿ. ಇರ್ಬೇಕು, ನಾಳೆಯಿಂದ ಲ್ಯಾಬೊಳಗೆ ಕಾಲಿಡೋದು ಬೇಡ ಅಂದ್ಬಿಟ್ರು. ನಾನು ಬಾಯಿ ಬಿಟ್ಟಿದ್ರೆ ನನ್ ಕೆಲಸಾನೂ ಹೋಗ್ತಿತ್ತು."

ಸತ್ಯವತಿಯನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ನೀರು ಕಾಯಿಸಿಕೊಡುವುದಕ್ಕಿಂತ ಆಳನ್ನು ಬಿಡಿಸುವುದು ಸುಲಭ ಎಂದುಕೊಂಡ ಡಾಕ್ಟರ ಮೇಲೆ ಮಾತ್ರ ಸಿಟ್ಟು ಇಳಿದಿಲ್ಲ.

ಜನವರಿಯ ಒಂದು ಮುಂಜಾನೆ ಮುನಿತಾಯಮ್ಮನನ್ನು ಮತ್ತೆ ಹುಡುಕಿಕೊಂಡು ಹೋಗುತ್ತೇನೆ. ಈಗ ಅವರು ಬಸವೇಶ್ವರನಗರದ ಮನೆಯೊಂದರಲ್ಲಿ ಪಾತ್ರೆ ತಿಕ್ಕುತ್ತಾರೆ. ಯಾವ ಮನೆ ಎಂದು ಬರೆಯುವುದಿಲ್ಲ. ಹಿತ್ತಲ ತೊಟ್ಟಿಯ ನೀರು ಲ್ಯಾಬಿನ ನಲ್ಲಿಗಿಂತ ತಣ್ಣಗಿದೆ. ಸೀರೆಯ ಸೆರಗನ್ನು ಮೊಣಕೈವರೆಗೆ ಸುತ್ತಿಕೊಂಡಿದ್ದಾರೆ. ಸತ್ಯವತಿ ಮಾಡಿದ್ದು ಅವರಿಗೆ ಗೊತ್ತು. "ಪಾಪ, ಆ ಮಗು ಒಳ್ಳೇದಕ್ಕೇ ಮಾಡ್ತು," ಎಂದಷ್ಟೇ ಹೇಳುತ್ತಾರೆ.

ಈ ಮನೆಯವರನ್ನಾದರೂ ಬಿಸಿ ನೀರು ಕೇಳಬಾರದೇ ಎನ್ನುತ್ತೇನೆ. ಮುನಿತಾಯಮ್ಮ ಗಾಬರಿಯಿಂದ ಅಡುಗೆಮನೆಯ ಬಾಗಿಲ ಕಡೆ ನೋಡಿ ದನಿ ತಗ್ಗಿಸುತ್ತಾರೆ.

"ಬ್ಯಾಡಿ ಸಾರ್, ಏನೂ ಹೇಳ್ಬ್ಯಾಡಿ. ಇವ್ರು ಏಳೋದು ತಡ. ಎದ್ದು ಬರೋ ಹೊತ್ಗೆ ನನ್ ಕೈ ಸರಿಯಾಗಿರ್ತದೆ."