ಗೋಲು ಕಾಯುವ ಗೋಳು

ನಲವತ್ತು ದಾಟಿದ ಹೆಂಗಸು ಹೊಸ ಸೀರೆ ಕೊಂಡರೆ ಮನೆಯಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅಡಿಯಲ್ಲಿ ಮೊಳೆಗಳಿರುವ ಆಟದ ಬೂಟು ಕೊಂಡರೆ ಮಾತ್ರ ಅದು ಕೌಟುಂಬಿಕ ಚರ್ಚೆಯ ವಸ್ತುವಾಗುತ್ತದೆ. ದುಬೈಯ ಮಿರ್ದಿಫ್ ಬಡಾವಣೆಯ ನಮ್ಮ ಫ್ಲ್ಯಾಟಿನ ಬಾಗಿಲಲ್ಲಿ ಅಂಥದೊಂದು ಜೋಡಿ ಕಂಡ ದಿನ ನನ್ನ ಗಂಡ ಸುಧಾಕರ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಎಂತ ಮಾರಾಯ್ತಿ, ಈ ಪ್ರಾಯದಲ್ಲಿ ಕಾಲು ಮುರ್ಕೊಂಡ್ರೆ ನೋಡ್ಕೊಳ್ಳುದು ಯಾರು?" ಎಂದರು.

ತಪ್ಪು ಓರ್ಲಾಳದು. ನಾನು ರಕ್ತಪರೀಕ್ಷೆ ಮಾಡುತ್ತಿದ್ದ ದುಬೈ ಆಸ್ಪತ್ರೆಯಲ್ಲಿ ಅವಳು ನರ್ಸು, ಐರ್ಲೆಂಡಿನವಳು; ಶುಕ್ರವಾರಗಳಂದು ತನ್ನ ನಾಡಿನ ಫುಟ್‌ಬಾಲ್ ಆಡುವ ಮಹಿಳೆಯರ ತಂಡವೊಂದರ ನಾಯಕಿ. ಚೆಂಡನ್ನು ಒದೆಯಲೂ ಹಿಡಿಯಲೂ ಅನುಮತಿಯಿರುವ ಆ ಉದಾರ ಆಟದಲ್ಲಿ ಚೆಂಡು ಬಲೆಗೆ ಬಿದ್ದರೆ ಮೂರು ಅಂಕ, ಅಡ್ಡಪಟ್ಟಿಯ ಮೇಲೆ ಹಾರಿದರೆ ಒಂದು. ಕಾಲೇಜಿನಲ್ಲಿ ಥ್ರೋಬಾಲ್ ಆಡಿದ್ದೆನೆಂದು ಚಹಾದ ಹೊತ್ತಿನಲ್ಲಿ ಜಂಬ ಕೊಚ್ಚಿದ್ದೇ ನನ್ನ ಅಪರಾಧ. "ಹಿಡಿಯೋಕೆ ಬರುತ್ತೆ ಅಂದಮೇಲೆ ಮುಗೀತು. ಯಲ್ಲಾ, ನಡಿ, ನೀನೇ ಗೋಲ್‌ಕೀಪರ್!" ಎಂದುಬಿಟ್ಟಳು.

ಗೋಲಿಗೂ ಗೋಳಿಗೂ ಇರುವ ಅಂತರ ನಾಲಿಗೆಯ ಒಂದು ಮಡಿಕೆ ಮಾತ್ರ ಎಂಬ ಭಾಷಾಶಾಸ್ತ್ರೀಯ ಸತ್ಯ ಮೊದಲ ಪಂದ್ಯದಲ್ಲೇ ಮನವರಿಕೆಯಾಯಿತು. ಆರು ಸಲ ಚೆಂಡು ನನ್ನನ್ನು ಸವರಿಕೊಂಡು ಒಳಗೆ ಹೋಯಿತು. ಹನ್ನೊಂದು ವರ್ಷದ ಮಗಳು ಶ್ರೇಯಾ, ನಾನು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವವಳು, ಅಂದು "ನೋ ಕಮೆಂಟ್ಸ್" ಎಂದಳು.

ಮರುದಿನ ಸಂಜೆ, ಬೂಟನ್ನು ಆಡಿಕೊಂಡಿದ್ದ ಸುಧಾಕರರೇ ಚೆಂಡು ಹಿಡಿದು ಹೊರಟರು. ಕಟ್ಟಡದ ಹಿಂದಿನ ಮರಳು ಜಾಗದಲ್ಲಿ ಅವರು ಒದೆದಾಗ ಚೆಂಡಿಗಿಂತ ಮೊದಲು ಅವರ ಚಪ್ಪಲಿ ನನ್ನನ್ನು ತಲುಪುತ್ತಿತ್ತು. ಎರಡನ್ನೂ ಹಿಡಿಯುವಷ್ಟು ನಿಪುಣೆಯಾದೆ. ಆರು ಗೋಲು ನಾಲ್ಕಾಯಿತು, ನಾಲ್ಕು ಎರಡಾಯಿತು. ಆದರೂ ನಮ್ಮ ತಂಡ ಗೆಲ್ಲಲಿಲ್ಲ. ಒಬ್ಬಳಿಗೆ ಡ್ಯೂಟಿ, ಇನ್ನೊಬ್ಬಳಿಗೆ ವೀಸಾ ಖಲಾಸ್. ಪ್ರತಿ ಶುಕ್ರವಾರವೂ ಹೊಸ ಮುಖಗಳು, ಹಳೆಯ ಸೋಲು.

ಆಟದ ಋತುವಿನ ಕೊನೆಯ ಪಂದ್ಯ ಅಬುಧಾಬಿಯಲ್ಲಿ. ನೋಡಲು ಶ್ರೇಯಾಳೂ ಬಂದಿದ್ದಳು. ಹಿಂದಿನ ವಾರ ಪಾದ ಉಳುಕಿಸಿಕೊಂಡಿದ್ದ ಓರ್ಲಾ ಆಡುವಂತಿರಲಿಲ್ಲ. ಗೋಲಿನ ಕಂಬದ ಬಳಿ ನಿಂತು ತೀರ್ಪು ಕೊಡಲು ನಮ್ಮ ಕಡೆಯಿಂದಲೂ ಒಬ್ಬರು ಬೇಕಿತ್ತು. ಅವಳು ಬಾವುಟಗಳೊಂದಿಗೆ ನನ್ನ ಪಕ್ಕದಲ್ಲೇ ಕುಂಟುತ್ತ ನಿಂತಳು. ಒಂದು ಅಂಕಕ್ಕೆ ಬಿಳಿ, ಗೋಲಿಗೆ ಹಸಿರು.

ಕೊನೆಯ ನಿಮಿಷದಲ್ಲಿ ನಾವು ಎರಡು ಅಂಕ ಮುಂದಿದ್ದೆವು. ಆಗ ಎದುರಾಳಿಯೊಬ್ಬಳು ಒದೆದ ಚೆಂಡು ಆಕಾಶಕ್ಕೆ ಹೋಗಿ, ಸೂರ್ಯನೊಳಗಿಂದ ಎಂಬಂತೆ ನನ್ನ ಮೇಲೆ ಇಳಿಯತೊಡಗಿತು. ನಾನು ಹಿಂದಕ್ಕೆ ಸರಿದೆ, ಮತ್ತೂ ಸರಿದೆ, ಹಾರಿ ಎದೆಗವಚಿಕೊಂಡೆ. ನಮ್ಮವರು ಕೇಕೆ ಹಾಕಿದರು. ಅಷ್ಟರಲ್ಲಿ ಓರ್ಲಾ ಹಸಿರು ಬಾವುಟ ಎತ್ತಿದಳು. ಒಂದು ಅಂಕದಿಂದ ಸೋತೆವು.

ಹಿಂದಿರುಗುವಾಗ ಅವಳ ಕಾರನ್ನು ನಾನೇ ಓಡಿಸುತ್ತಿದ್ದೆ. ಕೋಪವನ್ನೆಲ್ಲ ಹಾರ್ನಿನ ಮೇಲೆ ತೀರಿಸಿಕೊಳ್ಳುತ್ತಿದ್ದೆ. ಕೊನೆಗೆ ಓರ್ಲಾಳೇ, "ಚೆನ್ನಾಗಿ ಹಿಡಿದೆ. ಗೆರೆ ದಾಟಿ, ಗೋಲಿನ ಮನೆಯೊಳಗೆ ನಿಂತು ಹಿಡಿದೆ, ಅಷ್ಟೇ," ಎಂದಳು.

ಹಿಂದಿನ ಸೀಟಿನಿಂದ ಶ್ರೇಯಾ ಮೆಲ್ಲಗೆ, "ಇಟ್ ವಾಸ್ ಇನ್, ಮಮ್ಮಿ. ಐ ಸಾ," ಎಂದಳು.

ಇಡೀ ಋತುವಿನ ಏಕೈಕ ಗೆಲುವನ್ನು ಕಿತ್ತುಕೊಂಡ ಗೆಳತಿಯ ಮೇಲೆ ಕೋಪವನ್ನು ಇನ್ನಷ್ಟು ದೂರ ಎಳೆಯಬಹುದಿತ್ತು. ಆದರೆ ಅಬುಧಾಬಿಯಿಂದಲೂ ಅದುಮಿಟ್ಟುಕೊಂಡಿದ್ದ ಮಾತು ತಾನಾಗಿ ಹೊರಬಂತು: "ನನಗೂ ಗೊತ್ತಿತ್ತು."

"ನಿನಗೆ ಗೊತ್ತಿತ್ತು ಅಂತ ನನಗೂ ಗೊತ್ತಿತ್ತು," ಎಂದಳು ಓರ್ಲಾ. "ಚೆಂಡು ಹಿಡಿದ ಕೂಡಲೇ ನೀನು ನನ್ನ ಮುಖ ನೋಡಲಿಲ್ಲ. ನಿನ್ನ ಕಾಲು ನೋಡಿಕೊಂಡೆ."

ಮೂವರೂ ನಕ್ಕ ನಗೆಯಲ್ಲಿ ಮಿರ್ದಿಫ್‌ಗೆ ತಿರುಗುವ ದಾರಿ ತಪ್ಪಿ, ರಾಸ್ ಅಲ್ ಖೋರ್‌ನ ಬಾಗಿಲು ಹಾಕಿದ ಗ್ಯಾರೇಜುಗಳ ನಡುವೆ ಹೋಗಿ ನಿಂತಿದ್ದೆವು. ಅಲ್ಲಿ ತೆರೆದಿದ್ದ ಒಂದೇ ಒಂದು ಕೆಫೆಟೇರಿಯಾದಲ್ಲಿ, ತೀರ್ಪುಗಾರ್ತಿಗೆ ನಾನೇ ಶವರ್ಮಾ ಕೊಡಿಸಿದೆ. ಅವಳು ಎರಡು ತಿಂದಳು.